ಹತ್ತು ನಿಮಿಷಕ್ಕೆ ಸದ್ದು ಕುಗ್ಗುವ ಬೇಸ್ ಆಂಪ್ಲಿಫೈಯರ್: ಟ್ರಾನ್ಸಿಸ್ಟರ್ ಬದಲಿಸುವ ಮುನ್ನ

ನೀವು ಕೇಳಿದ್ದು ಇಷ್ಟು. ಕುಂದಾಪುರದಲ್ಲಿರುವ ನಿಮ್ಮ 100 ವಾಟ್‌ನ ಹಳೆಯ ಟ್ರಾನ್ಸಿಸ್ಟರ್ ಬೇಸ್ ಆಂಪ್ಲಿಫೈಯರ್ ಹತ್ತು ನಿಮಿಷ ಸರಿಯಾಗಿ ನುಡಿಯುತ್ತದೆ, ಆಮೇಲೆ ಸದ್ದು ಕುಗ್ಗುತ್ತದೆ. ಬೇಸ್ ಗಿಟಾರಿನ ದಪ್ಪ ತಂತಿಯನ್ನು ಜೋರಾಗಿ ಮೀಟಿದರೆ ಒಮ್ಮೆಲೇ ಮರಳಿ ಬರುತ್ತದೆ. ರಿಪೇರಿಯವರು ಸ್ಪೀಕರನ್ನು ನಡೆಸುವ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನೆಲ್ಲ ಬದಲಿಸಬೇಕು ಎಂದಿದ್ದಾರೆ. ಬದಲಿಸಬೇಕೇ?

ಈಗಲೇ ಬೇಡ. ಔಟ್‌ಪುಟ್ ಟ್ರಾನ್ಸಿಸ್ಟರ್ ಸಾಯುವ ರೀತಿ ಇದಲ್ಲ. ಅದು ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಆಗ ಫ್ಯೂಸ್ ಹಾರುತ್ತದೆ, ಇಲ್ಲವೇ ಸ್ಪೀಕರಿನ ಕೋನ್ ಒಂದೇ ಕಡೆಗೆ ತಳ್ಳಿಕೊಂಡು ಗುಂಯ್ ಎಂದು ನಿಂತುಬಿಡುತ್ತದೆ. ಹತ್ತು ನಿಮಿಷ ಚೆನ್ನಾಗಿ ನುಡಿದು, ಕುಗ್ಗಿ, ಒಂದು ಗಟ್ಟಿ ಮೀಟಿಗೆ ಎಚ್ಚರಗೊಳ್ಳುವುದು ಸಂಪರ್ಕ ಕೆಟ್ಟಿರುವ ಲಕ್ಷಣ. ಎಲ್ಲೋ ಎರಡು ಲೋಹದ ತುದಿಗಳ ನಡುವೆ ಕಿಲುಬಿನ ತೆಳುಪೊರೆ ಕೂತಿದೆ. ಸಣ್ಣ ಸಿಗ್ನಲ್ ಅದನ್ನು ದಾಟಲಾರದು, ದೊಡ್ಡದು ಭೇದಿಸಿಕೊಂಡು ಹೋಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಇದು ಬೇಗನೇ ಆಗುತ್ತದೆ.

ಪೆಟ್ಟಿಗೆ ಬಿಚ್ಚುವ ಮೊದಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಆಂಪ್ಲಿಫೈಯರಿನ ಹಿಂದೆ ಎಫೆಕ್ಟ್ಸ್ ಲೂಪ್‌ನ (ಹೊರಗಿನ ಎಫೆಕ್ಟ್ ಉಪಕರಣವನ್ನು ನಡುವೆ ಸೇರಿಸುವ ದಾರಿ) ಸೆಂಡ್, ರಿಟರ್ನ್ ಎಂಬ ಎರಡು ಜಾಕ್‌ಗಳು ಇವೆಯೇ ನೋಡಿ. ಇದ್ದರೆ, ಸದ್ದು ಕುಗ್ಗಿದ ಹೊತ್ತಿನಲ್ಲಿ ಒಂದು ಗಿಡ್ಡ ಗಿಟಾರ್ ಕೇಬಲ್‌ನಿಂದ ಅವೆರಡನ್ನೂ ಜೋಡಿಸಿ. ಸದ್ದು ಪೂರ್ತಿಯಾಗಿ ಮರಳಿ ನಿಂತರೆ ಕಳ್ಳ ಸಿಕ್ಕಿದ. ರಿಟರ್ನ್ ಜಾಕ್‌ನೊಳಗೆ ಒಂದು ಪುಟ್ಟ ಸ್ವಿಚ್ ಇರುತ್ತದೆ. ಜಾಕ್ ಖಾಲಿ ಇರುವಾಗ ಪ್ರೀಆಂಪ್‌ನಿಂದ (ಗಿಟಾರಿನ ಸಣ್ಣ ಸಿಗ್ನಲನ್ನು ಹದಗೊಳಿಸುವ ಮೊದಲ ಭಾಗ) ಪವರ್ ಆಂಪ್‌ಗೆ (ಸ್ಪೀಕರನ್ನು ನಡೆಸುವ ಭಾಗ) ಸಿಗ್ನಲ್ ದಾಟುವುದು ಅದರ ಮೂಲಕವೇ. ವರ್ಷಗಟ್ಟಲೆ ಯಾರೂ ಬಳಸದ ಆ ಸ್ವಿಚ್ ಕಿಲುಬು ಹಿಡಿದಿರುತ್ತದೆ. ಹೆಡ್‌ಫೋನ್ ಜಾಕ್‌ನಲ್ಲೂ ಇಂಥದೇ ಸ್ವಿಚ್ ಇರಬಹುದು. ಅದರ ಮೂಲಕ ಹರಿಯುವುದು ಸ್ಪೀಕರಿನ ಕರೆಂಟ್, ಹಾಗಾಗಿ ಅದು ಸುಟ್ಟು ಕಪ್ಪಾಗುವುದೂ ಉಂಟು.

ವಿದ್ಯುತ್ ತೆಗೆದು, ಪ್ಲಗ್‌ನ ತುದಿಗೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಪ್ರತಿ ಜಾಕ್‌ಗೂ ಇಪ್ಪತ್ತು ಸಲ ಹಾಕಿ ತೆಗೆಯಿರಿ. ತುಕ್ಕು ಬಿಡಿಸುವ ಎಣ್ಣೆಯನ್ನು ಮಾತ್ರ ಬಳಸಬೇಡಿ. ಅದರ ಜಿಡ್ಡಿಗೆ ದೂಳು ಅಂಟಿ, ಆರು ತಿಂಗಳಿಗೆ ಮತ್ತೆ ಅದೇ ಕಥೆಯಾಗುತ್ತದೆ.

ಇಷ್ಟಾದರೂ ಸರಿಯಾಗದಿದ್ದರೆ ಬೆಸುಗೆ ನೋಡಬೇಕು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಸ್ಪೀಕರ್ ಮತ್ತು ಸರ್ಕ್ಯೂಟ್ ಒಂದೇ ಪೆಟ್ಟಿಗೆಯಲ್ಲಿದ್ದರೆ ಆ ನಡುಕವನ್ನೆಲ್ಲ ಬೋರ್ಡು ಉಣ್ಣುತ್ತದೆ. ಜೊತೆಗೆ ಜಾತ್ರೆಯಿಂದ ಜಾತ್ರೆಗೆ ಟೆಂಪೊದಲ್ಲಿ ತಿರುಗಾಟ. ನಾನು ಆರ್ಕೆಸ್ಟ್ರಾ ತಂಡಗಳ ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುವವನು. ನನ್ನ ಮೇಜಿಗೆ ಬರುವ ಬೇಸ್ ಆಂಪ್ಲಿಫೈಯರ್‌ಗಳಲ್ಲಿ ಸತ್ತ ಟ್ರಾನ್ಸಿಸ್ಟರಿಗಿಂತ ಬಿರಿದ ಬೆಸುಗೆಯೇ ಹೆಚ್ಚು. ಭೂತಗನ್ನಡಿಯಲ್ಲಿ ನೋಡಿದರೆ ಕಾಲಿನ ಸುತ್ತ ಉಂಗುರದಂಥ ಸಣ್ಣ ಬಿರುಕು ಕಾಣುತ್ತದೆ. ಜಾಕ್‌ಗಳು, ವಾಲ್ಯೂಮ್ ತಿರುಪುಗಳು, ದೊಡ್ಡ ಕೆಪಾಸಿಟರ್‌ಗಳು ಮತ್ತು ಬಿಳಿ ಸಿಮೆಂಟ್ ರೆಸಿಸ್ಟರ್‌ಗಳ ಕಾಲುಗಳನ್ನು ಮೊದಲು ನೋಡಿ. ಹಳೆಯ ಸೀಸವನ್ನು ಹೀರಿ ತೆಗೆದು ಹೊಸದಾಗಿ ಬೆಸೆಯಿರಿ, ಮೇಲೆ ಮೇಲೆ ಸವರಬೇಡಿ.

ಆ ಸಿಮೆಂಟ್ ರೆಸಿಸ್ಟರ್‌ಗಳ ಬಗ್ಗೆ ಇನ್ನೊಂದು ಮಾತು. ಅನೇಕ ಆಂಪ್ಲಿಫೈಯರ್‌ಗಳಲ್ಲಿ ದೊಡ್ಡ ವೋಲ್ಟೇಜನ್ನು ಇಳಿಸಿ ಪ್ರೀಆಂಪ್‌ನ ಐಸಿಗಳಿಗೆ ಕೊಡುವುದು ಅವೇ. ಸದಾ ಕಾಯುತ್ತಿರುವುದರಿಂದ ಅವುಗಳ ಬೆಸುಗೆ ಬಿಸಿಗೇ ಬಿಡುತ್ತದೆ. ಹತ್ತು ನಿಮಿಷದ ನಂತರ ತೊಂದರೆ ಶುರುವಾಗುವುದಕ್ಕೆ ಇದೂ ಕಾರಣವಾಗಬಹುದು. ಪ್ರೀಆಂಪ್‌ನಲ್ಲಿರುವ 4558 ಅಥವಾ ಟಿಎಲ್072 ಎಂಬ ಎಂಟು ಕಾಲಿನ ಐಸಿಯ 8ನೇ ಕಾಲಿನಲ್ಲಿ ಪ್ಲಸ್ 15 ವೋಲ್ಟ್, 4ನೇ ಕಾಲಿನಲ್ಲಿ ಮೈನಸ್ 15 ವೋಲ್ಟ್ ಆಸುಪಾಸು ಇರಬೇಕು. ಸದ್ದು ಕುಗ್ಗಿದಾಗ ಅಳೆಯಿರಿ. ಒಂದು ಕಡೆಯ ವೋಲ್ಟೇಜ್ ಬಿದ್ದುಹೋಗಿದ್ದರೆ ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಹೋಗಿ.

ಬಿಚ್ಚುವ ಮುನ್ನ ದಯವಿಟ್ಟು ಇದನ್ನು ಓದಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 1 ಕಿಲೋಓಮ್, 5 ವಾಟ್‌ನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳಿಂದ ಅವುಗಳ ಎರಡು ತುದಿಗೆ ಅರ್ಧ ನಿಮಿಷ ಜೋಡಿಸಿ, ನಂತರ ಮೀಟರ್‌ನಲ್ಲಿ ಸೊನ್ನೆ ಬಂದಿದೆಯೇ ನೋಡಿಕೊಳ್ಳಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವುದು ಬೇಡ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ಬದಿಯನ್ನು ವಿದ್ಯುತ್ ಇರುವಾಗ ಮುಟ್ಟಲೇಬೇಡಿ. ಮೀಟರ್ ಹಿಡಿದು ಅಭ್ಯಾಸವಿಲ್ಲದಿದ್ದರೆ ಜಾಕ್ ಪರೀಕ್ಷೆಯಷ್ಟನ್ನೇ ಮಾಡಿ, ಉಳಿದದ್ದನ್ನು ತಿಳಿದವರ ಕೈಗೆ ಕೊಡಿ.

ಟ್ರಾನ್ಸಿಸ್ಟರ್ ನಿಜವಾಗಿ ಹೋಗಿದ್ದರೂ ಅದನ್ನೊಂದನ್ನೇ ಬದಲಿಸಿದರೆ ಸಾಲದು. ಆರಂಭದ ದಿನಗಳಲ್ಲಿ ನಾನು ಹೊಸ ಜೋಡಿ ಹಾಕಿ, ನೇರವಾಗಿ ಸ್ವಿಚ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡೂ ಹೋದವು. ಅವುಗಳ ಹಿಂದಿದ್ದು ಅವುಗಳನ್ನು ನಡೆಸುವ ಡ್ರೈವರ್ ಟ್ರಾನ್ಸಿಸ್ಟರ್ ಕೆಟ್ಟಿದ್ದನ್ನು ನಾನು ನೋಡಿರಲಿಲ್ಲ. ಅಂದಿನಿಂದ ಸೀರೀಸ್ ಬಲ್ಬ್ ಇಲ್ಲದೆ ಯಾವ ಆಂಪ್ಲಿಫೈಯರಿಗೂ ಮೊದಲ ವಿದ್ಯುತ್ ಕೊಟ್ಟಿಲ್ಲ. 100 ವಾಟ್‌ನ ಹಳೆಯ ತಂತಿಯ ಬಲ್ಬನ್ನು ಫೇಸ್ ತಂತಿಯಲ್ಲಿ ಸರಣಿಯಾಗಿ ಜೋಡಿಸಬೇಕು, ಎಲ್‌ಇಡಿ ನಡೆಯದು. ಬಲ್ಬ್ ಒಮ್ಮೆ ಮಿಂಚಿ ಮಂಕಾದರೆ ಕ್ಷೇಮ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಆದರೆ ಹೊಸ ಭಾಗಗಳು ಉಳಿದುಕೊಳ್ಳುತ್ತವೆ. ಈ ಹಂತದಲ್ಲಿ ಸ್ಪೀಕರ್ ಬಿಚ್ಚಿಡಿ. ವಾಲ್ವ್ ಆಂಪ್ಲಿಫೈಯರಿಗೆ ಸ್ಪೀಕರ್ ಇಲ್ಲದಿದ್ದರೆ ಅಪಾಯ, ಟ್ರಾನ್ಸಿಸ್ಟರಿನದಕ್ಕೆ ಏನೂ ಆಗದು. ಸ್ಪೀಕರ್ ತುದಿಗಳಲ್ಲಿ ಡಿಸಿ ವೋಲ್ಟೇಜ್ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಸರಿ, ವೋಲ್ಟ್‌ಗಟ್ಟಲೆ ಇದ್ದರೆ ಸ್ಪೀಕರ್ ಜೋಡಿಸಿದೊಡನೆ ಅದರ ಕಾಯಿಲ್ ಸುಡುತ್ತದೆ.

ಆದರೆ ನಿಮ್ಮದು ಅಲ್ಲಿಯವರೆಗೆ ಹೋಗುವ ರೋಗವೆಂದು ನನಗೆ ಅನ್ನಿಸುವುದಿಲ್ಲ. ಶುಚಿ ಮಾಡಿದರೂ ರಿಟರ್ನ್ ಜಾಕ್ ಸುಧಾರಿಸದಿದ್ದರೆ ಹೊಸದು ಹಾಕಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಕೊಳ್ಳುವಾಗ ಹಳೆಯ ಜಾಕನ್ನು ಕೈಯಲ್ಲಿ ಒಯ್ದು, ಕಾಲುಗಳ ಸಂಖ್ಯೆ ಮತ್ತು ಅಂತರ ಹೊಂದಿಸಿ ನೋಡಿ, ಒಳಗೆ ಸ್ವಿಚ್ ಇರುವುದನ್ನೇ ಕೇಳಿ ಪಡೆಯಿರಿ. ಸ್ವಿಚ್ ಇಲ್ಲದ್ದನ್ನು ಹಾಕಿದರೆ, ಕೇಬಲ್ ಚುಚ್ಚದ ಹೊರತು ಸದ್ದೇ ಬರುವುದಿಲ್ಲ.