ಸ್ವರ ಸಂದೇಹ: ಮನೆಯಲ್ಲಿ ಹಾಡಿದ್ದನ್ನು ಲೋಕಕ್ಕೆ ಕೇಳಿಸಬಹುದೇ?

ಪ್ರಶ್ನೆ: ಮಾನ್ಯರೇ, ನನಗೀಗ ಅರುವತ್ತರ ಹತ್ತಿರ. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಒಂದಷ್ಟು ದೇವರನಾಮಗಳು ಅಮ್ಮನಿಂದ ಬಂದಿವೆ. ಭಾವಗೀತೆಗಳನ್ನೂ ಹಾಡುತ್ತೇನೆ. ಮೊಬೈಲಿನಲ್ಲಿ ಮುದ್ರಿಸಿ ಅಂತರ್ಜಾಲಕ್ಕೆ ಹಾಕೋಣ ಎಂದು ಮಗ ಹೇಳುತ್ತಾನೆ. ಆದರೆ ನಡುಮನೆಯಲ್ಲಿ ಹಾಡಿದರೆ ದನಿ ಮೊಳಗುತ್ತದೆ, ಹಿಂದೆ ಗುಂಯ್ ಎನ್ನುವ ಸದ್ದು ಬೇರೆ. ಹಾಡಿನ ಹಕ್ಕು ಇನ್ಯಾರದೋ, ಕೇಸು ಹಾಕುತ್ತಾರೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಸ್ಟುಡಿಯೋಗೆ ಹೋಗುವ ಅನುಕೂಲವಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಸ್ಟುಡಿಯೋಗೆ ಹೋಗಲೇಬೇಡಿ. ಹಸೆಯ ಹಾಡಿಗೆ ಅಲ್ಲಿ ಕೀಬೋರ್ಡು, ತಬಲಾ ಸೇರಿಸುತ್ತಾರೆ; ಹೆಂಗಸರು ಸಾಲು ಮುಗಿಯುವಲ್ಲಿ ಎಳೆಯುವ ಆ ಎಳೆತ ತಾಳದ ಲೆಕ್ಕಕ್ಕೆ ಸಿಕ್ಕಿ ಹೋಗಿಬಿಡುತ್ತದೆ. ಧ್ವನಿಮುದ್ರಣದ ಕೆಲಸದಲ್ಲೇ ತಲೆ ನರೆತವನು ನಾನು, ಇದನ್ನು ಬಹಳ ಸಂಕಟದಿಂದ ಹೇಳುತ್ತಿದ್ದೇನೆ. ಮನೆ ಎಂದರೆ ಕೊರತೆ ಎಂದು ಭಾವಿಸಬೇಡಿ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಪ್ರಸಾರ ಆರಂಭಿಸಿದ್ದು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ.

ಮೊಳಗು ನಿಮ್ಮ ಗಾರೆ ನೆಲ ಮತ್ತು ಬರಿಗೋಡೆಯದು. ನಡುಮನೆ ಬಿಟ್ಟು ಹಾಸಿಗೆ, ಬಟ್ಟೆಬರೆ ತುಂಬಿದ ಕೋಣೆಗೆ ಬನ್ನಿ. ನೆಲಕ್ಕೆ ಕಂಬಳಿ ಹಾಸಿ, ನಿಮ್ಮ ಬೆನ್ನ ಹಿಂದೆ ದಪ್ಪ ರಜಾಯಿ ತೂಗುಹಾಕಿ. ಗುಂಯ್‌ಗುಟ್ಟುವುದು ಫ್ರಿಜ್, ಇನ್ವರ್ಟರ್, ಫ್ಯಾನು. ಅಷ್ಟು ಹೊತ್ತು ನಿಲ್ಲಿಸಿ. ಮೊಬೈಲನ್ನು ಚಾರ್ಜಿಗೆ ಹಾಕಿಕೊಂಡು ಮುದ್ರಿಸಬೇಡಿ. ಅದರ ಮೈಕು ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತದೆ. ಆ ಅಂಚು ಬಾಯಿಂದ ಒಂದೂವರೆ ಗೇಣು ದೂರದಲ್ಲಿ, ತುಸು ಪಕ್ಕಕ್ಕೆ ಇರಲಿ. ನೇರ ಎದುರಿಗಿಟ್ಟರೆ ‘ಪ’, ‘ಭ’ಗಳ ಉಸಿರು ಬಡಿದು ಪಟ್ ಎನ್ನುತ್ತದೆ.

ಶ್ರುತಿಗೆ ಇನ್ನೊಂದು ಮೊಬೈಲಿನ ತಂಬೂರಿ ಸಾಕು, ಎರಡು ಮಾರು ದೂರದಲ್ಲಿಡಿ. ಶ್ರುತಿ ಹಚ್ಚುವ ಮೊದಲು ಹತ್ತು ಸೆಕೆಂಡು ಸುಮ್ಮನೆ ಕುಳಿತು ಕೋಣೆಯ ಮೌನವನ್ನು ಮುದ್ರಿಸಿಕೊಳ್ಳಿ. ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಗದ್ದಲ ತೆಗೆಯುವಾಗ ‘ಇದು ಬೇಡದ ಸದ್ದು’ ಎಂದು ತೋರಿಸಲು ಆ ತುಣುಕು ಬೇಕು. ತಂಬೂರಿ ಮೀಟುತ್ತಿರುವ ಭಾಗವನ್ನು ತೋರಿಸಿದರೆ ತಂತ್ರಾಂಶ ಶ್ರುತಿಯನ್ನೇ ಗದ್ದಲವೆಂದು ತಿಂದುಹಾಕುತ್ತದೆ. ತೆಗೆಯುವುದಾದರೂ ಸ್ವಲ್ಪವೇ ತೆಗೆಯಿರಿ; ಅತಿಯಾದರೆ ಹಾಡು ನೀರೊಳಗಿಂದ ಬಂದಂತೆ ಕೇಳುತ್ತದೆ. ದೂರದಲ್ಲೊಂದು ಕಾಗೆ ಕೂಗಿದ್ದರೆ ಕೂಗಲಿ, ಬಿಡಿ.

ಮೂಲವನ್ನು ವೇವ್ (ಸದ್ದನ್ನು ಕುಗ್ಗಿಸದೆ ಇಡುವ) ಕಡತವಾಗಿ ಉಳಿಸಿ, ಹಂಚಲು ಕುಗ್ಗಿಸಿದ ಎಂಪಿ3 ಮಾಡಿ. ಒಂಟಿ ದನಿಗೆ ಮೋನೋ, ಅಂದರೆ ಒಂದೇ ವಾಹಿನಿಯ ಮುದ್ರಣ ಸಾಕು. 128 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ 128 ಕಿಲೋಬಿಟ್) ನಿಮಿಷಕ್ಕೆ ಸುಮಾರು ಒಂದು ಎಂಬಿ ಆಗುತ್ತದೆ, ನಿಧಾನದ ನೆಟ್‌ವರ್ಕಿನಲ್ಲೂ ತೆರೆದುಕೊಳ್ಳುತ್ತದೆ. ಮಗನಿಗೆ ವಾಟ್ಸ್‌ಆ್ಯಪಿನಲ್ಲಿ ಕಳಿಸುವಾಗ ಧ್ವನಿಸಂದೇಶವಾಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ನೆಂಟರ ಭಯ. ಅದು ಪೂರ್ತಿ ಸುಳ್ಳಲ್ಲ. ಹಾಡೊಂದರಲ್ಲಿ ಹಕ್ಕುಗಳು ಹಲವು: ಸಾಹಿತ್ಯದ್ದು ಒಂದು, ಅದಕ್ಕೆ ಕೂಡಿಸಿದ ರಾಗಸಂಯೋಜನೆಯದು ಇನ್ನೊಂದು, ಧ್ವನಿಮುದ್ರಿಕೆಯದು ಮತ್ತೊಂದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ರಚನಕಾರರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯವರೆಗೆ. ಕುವೆಂಪು ಅವರದು 2054ರವರೆಗೆ, ಕೆ.ಎಸ್. ನರಸಿಂಹಸ್ವಾಮಿಯವರದು 2063ರವರೆಗೆ. ಅವರ ಕವಿತೆ ಹಾಡಿ ಹಂಚುವ ಮೊದಲು ಹಕ್ಕುದಾರರಿಗೆ ಕಾಗದ ಬರೆದು ಒಪ್ಪಿಗೆ ಪಡೆಯಿರಿ. ಭಾವಗೀತೆಯ ಮಟ್ಟು ಬೇರೆಯವರದಾದ್ದರಿಂದ ಅವರ ಕಡೆಯ ಒಪ್ಪಿಗೆಯೂ ಬೇಕು. ಪಂಜೆ ಮಂಗೇಶರಾಯರು 1937ರಲ್ಲೇ ತೀರಿಕೊಂಡರು, ಅವರ ಸಾಹಿತ್ಯ ಈಗ ಎಲ್ಲರದು. ಮೈಸೂರು ವಾಸುದೇವಾಚಾರ್ಯರ ಕೃತಿಗಳೂ 2022ರಿಂದ ಹಾಗೆಯೇ.

ದೇವರನಾಮದ ವಿಷಯದಲ್ಲಿ ಒಂದು ಎಚ್ಚರ. ಪುರಂದರದಾಸರ ಸಾಹಿತ್ಯಕ್ಕೆ ಹಕ್ಕಿನ ಮಾತೇ ಇಲ್ಲ. ಆದರೆ ಕಛೇರಿಗೆಂದೋ ಕ್ಯಾಸೆಟ್ಟಿಗೆಂದೋ ಕಳೆದ ಶತಮಾನದವರು ಕೂಡಿಸಿದ ಮಟ್ಟುಗಳು ಹಲವಿವೆ. ಅಮ್ಮ ಹಾಡುತ್ತಿದ್ದ ಮಟ್ಟಿನಲ್ಲೇ ಹಾಡಿ. ಎಲ್ಲರೂ ಕೇಳಿರುವ ಕ್ಯಾಸೆಟ್ಟಿನ ಮಟ್ಟು ನಿಮ್ಮಿಂದ ಯಾರಿಗೂ ಬೇಕಿಲ್ಲ. ನಿಮ್ಮಮ್ಮನ ಮಟ್ಟು ನಿಮ್ಮನ್ನು ಬಿಟ್ಟರೆ ಸಿಗುವುದೂ ಇಲ್ಲ. ಕರೋಕೆ ಹಾಕಿಕೊಂಡು ಹಾಡುವುದು ಬೇಡ, ಅದು ಇನ್ನೊಬ್ಬರ ಧ್ವನಿಮುದ್ರಿಕೆ.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದು. ಅಂತರ್ಜಾಲದಲ್ಲಿ ಸಂಪ್ರದಾಯದ ಹಾಡುಗಳು ಸಾಕಷ್ಟಿವೆ; ಎಷ್ಟೋ ಹಾಡುಗಳ ಕೆಳಗೆ ‘ಹಳೆಯ ಹಾಡು’ ಎಂಬುದರ ಆಚೆಗೆ ಒಂದಕ್ಷರವಿಲ್ಲ. ಯಾವ ಊರಿನದು, ಯಾರಿಂದ ಬಂತು, ಮದುವೆಯ ಯಾವ ಹೊತ್ತಿನಲ್ಲಿ ಹಾಡುತ್ತಾರೆ? ಎಣ್ಣೆ ಹಚ್ಚುವಾಗಿನ ಹಾಡೂ ಹೆಣ್ಣು ಒಪ್ಪಿಸುವಾಗಿನ ಹಾಡೂ ಒಂದೇ ಎಂದುಕೊಳ್ಳುವ ಕಾಲ ಬಂದಿದೆ. ಪ್ರತಿ ಹಾಡಿನ ಜೊತೆ ಪೂರ್ತಿ ಸಾಹಿತ್ಯ, ಅಮ್ಮನ ಹೆಸರು, ಅವರ ತವರೂರು, ಅವರು ಯಾರಿಂದ ಕಲಿತರು, ಹಾಡುವ ಸಂದರ್ಭ, ಎಲ್ಲವನ್ನೂ ಬರೆಯಿರಿ. ಅರ್ಥ ತಿಳಿಯದ ಪದವಿದ್ದರೆ ತಿದ್ದಬೇಡಿ, ಕೇಳಿದಂತೆಯೇ ಹಾಡಿ, ಕೇಳಿದಂತೆಯೇ ಬರೆಯಿರಿ. ಸಾಲು ಮರೆತಿದ್ದರೆ ಮರೆತಿದೆ ಎಂದು ಬರೆಯಿರಿ. ಪಕ್ಕದ ಊರಿನ ಯಾರಿಗೋ ಅದು ನೆನಪಿರಬಹುದು. ಹಾಡಿನ ಆರಂಭದಲ್ಲಿ ಈ ವಿವರಗಳನ್ನು ಬಾಯಲ್ಲೂ ಹೇಳಿಬಿಡಿ. ಕಡತ ಕೈಯಿಂದ ಕೈಗೆ ಹೋಗುವಾಗ ಬರೆದದ್ದು ಕಳಚಿಕೊಳ್ಳುತ್ತದೆ, ದನಿಯೊಳಗೆ ಸೇರಿದ್ದು ಜೊತೆಗೇ ಹೋಗುತ್ತದೆ.

ಪ್ರಶ್ನೆ: ತಂದೆಯವರು ಹಾರ್ಮೋನಿಯಂ ನುಡಿಸಿದ ಹಳೆಯ ಕ್ಯಾಸೆಟ್ಟುಗಳಿವೆ. ಕಂಪ್ಯೂಟರಿಗೆ ಇಳಿಸುವುದು ಹೇಗೆ?
– ಓದುಗರೊಬ್ಬರು, ಗದಗ

ಉತ್ತರ: ಮೊದಲು ಪ್ಲೇಯರಿನಲ್ಲಿ ಟೇಪು ತಾಗಿ ಓಡುವ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆರಲು ಬಿಡಿ. ಬೇಡದ ಕ್ಯಾಸೆಟ್ಟೊಂದನ್ನು ಹಾಕಿ ಯಂತ್ರ ಟೇಪನ್ನು ತಿನ್ನುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ತಂದೆಯವರದನ್ನು ಹಾಕಿ. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದುಬಿಡಿ, ಆಗ ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯುವುದಿಲ್ಲ. ಪ್ಲೇಯರಿನ ಹೆಡ್‌ಫೋನ್ ಕಿಂಡಿಯಿಂದ ಕಂಪ್ಯೂಟರಿನ ಲೈನ್-ಇನ್‌ಗೆ (ಹೊರಗಿನ ಸದ್ದು ಒಳಬರುವ ಕಿಂಡಿಗೆ) ತಂತಿ ಜೋಡಿಸಿ. ಸ್ಪೀಕರಿನ ಮುಂದೆ ಮೊಬೈಲ್ ಹಿಡಿಯಬೇಡಿ. ಹಿಸ್ ಸದ್ದನ್ನು ಆಗಲೇ ಕಡಿಮೆ ಮಾಡಲು ಹೋಗದೆ ಇದ್ದಂತೆ ಇಳಿಸಿ, ಆ ಪ್ರತಿಯನ್ನು ಎರಡು ಕಡೆ ಉಳಿಸಿ. ನುಡಿಸಿದ ವರ್ಷ ತಾಯಿಯವರಿಗೆ ನೆನಪಿದ್ದರೆ ಇಂದೇ ಕೇಳಿ ಬರೆದಿಟ್ಟುಕೊಳ್ಳಿ. ಇಳಿಸಿದ ಮೇಲೂ ಕ್ಯಾಸೆಟ್ಟನ್ನು ಎಸೆಯಬೇಡಿ.