ತೋಳ ಮನೆಗೆ ಬಂತು, ಆನೆ ಏಕೆ ಬರಲಿಲ್ಲ?

ಓದುಗರ ಪತ್ರ: ‘ಆದಿಮಾನವ ತೋಳದ ಮರಿಗಳನ್ನು ಹಿಡಿದು ತಂದು ಪಳಗಿಸಿದ, ಅವೇ ನಾಯಿಗಳಾದವು ಎಂದು ಓದಿದ್ದೇನೆ. ಆನೆಯನ್ನೂ ಸಾವಿರಾರು ವರ್ಷಗಳಿಂದ ಪಳಗಿಸುತ್ತಲೇ ಇದ್ದೇವಲ್ಲ, ಅದೇಕೆ ನಾಯಿ, ಹಸುಗಳಂತೆ ಆಗಲಿಲ್ಲ?’
– ಓದುಗರೊಬ್ಬರು, ಹುಣಸೂರು

ಸಂಪಾದಕರ ಉತ್ತರ: ಮರಿ ತಂದು ಸಾಕಿದ ಕಥೆ ಕೇಳಲು ಚೆನ್ನ, ನಂಬಲು ಕಷ್ಟ. ತೋಳವನ್ನು ಎಷ್ಟೇ ಮುದ್ದಿನಿಂದ ಸಾಕಿದರೂ ಅದಕ್ಕೆ ಹುಟ್ಟುವುದು ತೋಳವೇ. ಬಿಡಾರದ ಸುತ್ತ ಬಿದ್ದ ಮೂಳೆ, ಮಾಂಸಕ್ಕೆ ಬಂದ ತೋಳಗಳಲ್ಲಿ ಮನುಷ್ಯರಿಗೆ ಅಷ್ಟಾಗಿ ಬೆದರದವು ಹೊಟ್ಟೆ ತುಂಬಿಸಿಕೊಂಡು ಹೆಚ್ಚು ಮರಿ ಹಾಕಿದವು, ಅರ್ಧ ದಾರಿ ಅವೇ ನಡೆದು ಬಂದವು ಎಂಬುದು ಕೆಲವು ವಿಜ್ಞಾನಿಗಳ ವಾದ. ಇದನ್ನು ಒಪ್ಪದವರೂ ಇದ್ದಾರೆ; ನನಗೆ ಮಾತ್ರ ಇದೇ ಹೆಚ್ಚು ಸರಿಯೆನಿಸುತ್ತದೆ.

ಉಳಿದರ್ಧ ದಾರಿ ಮನುಷ್ಯ ನಡೆದದ್ದಕ್ಕೆ ಒಳ್ಳೆಯ ಸಾಕ್ಷಿಯಿದೆ. 1914ರಲ್ಲಿ ಜರ್ಮನಿಯ ಬಾನ್ ನಗರದ ಬಳಿ, ಓಬರ್‌ಕಾಸೆಲ್‌ನಲ್ಲಿ, ಸುಮಾರು 14,000 ವರ್ಷ ಹಳೆಯ ಸಮಾಧಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ಏಳು ತಿಂಗಳ ನಾಯಿಮರಿ. ಮರಿಯ ಹಲ್ಲಿನ ಕವಚದಲ್ಲಿ ಡಿಸ್ಟೆಂಪರ್ ಎಂಬ, ನಾಯಿಗಳಿಗೆ ತಗಲುವ ಮಾರಕ ರೋಗದ ಗುರುತುಗಳಿವೆ. ಆ ರೋಗ ಬಂದ ಮರಿ ಆರೈಕೆಯಿಲ್ಲದೆ ವಾರಗಟ್ಟಲೆ ಬದುಕುವುದು ಕಷ್ಟ. ಬೇಟೆಗೂ ಕಾವಲಿಗೂ ಬಾರದ ಆ ಮರಿಗೆ ಯಾರೋ ನೀರು ಕುಡಿಸಿರಬೇಕು, ಮೈ ಒರೆಸಿರಬೇಕು.

ಈಗ ನಿಮ್ಮ ಪ್ರಶ್ನೆಯ ತಿರುಳು. 1959ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನ ತಳಿವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ತುಪ್ಪಳಕ್ಕಾಗಿ ಸಾಕುತ್ತಿದ್ದ ಬೆಳ್ಳಿನರಿಗಳ ಮೇಲೆ ಪ್ರಯೋಗ ಆರಂಭಿಸಿದರು. ಅವರ ಸಹೋದ್ಯೋಗಿ ಲ್ಯುದ್ಮಿಲಾ ತ್ರೂತ್ ದಶಕಗಳ ಕಾಲ ಅದನ್ನು ನಡೆಸಿಕೊಂಡು ಬಂದರು. ಪರೀಕ್ಷೆ ಸರಳ: ಗೂಡಿನ ಹತ್ತಿರ ಹೋಗಿ ಕೈ ಚಾಚುವುದು. ಕಚ್ಚಲು ಬಂದದ್ದಕ್ಕೂ ಹೆದರಿ ಮೂಲೆ ಸೇರಿದ್ದಕ್ಕೂ ಮುಂದಿನ ತಲೆಮಾರಿನಲ್ಲಿ ಪಾಲಿಲ್ಲ. ಸಮಾಧಾನವಾಗಿ ನಿಂತವು ಮಾತ್ರ ತಂದೆತಾಯಿಗಳು. ತರಬೇತಿ ಎಂಬುದೇ ಇರಲಿಲ್ಲ. ನಾಲ್ಕನೆಯ ತಲೆಮಾರಿನಲ್ಲೇ ಮನುಷ್ಯರನ್ನು ಕಂಡು ಬಾಲ ಅಲ್ಲಾಡಿಸುವ ಮರಿ ಕಾಣಿಸಿತು. ಮುಂದೆ ಜೋಲುಕಿವಿ, ಸುರುಳಿ ಬಾಲ, ಹಣೆಯ ಮೇಲೆ ಬಿಳಿ ಚುಕ್ಕೆ! (ಆ ನರಿಗಳ ಪೂರ್ವಜರು ಕೆನಡಾದ ಫಾರಂಗಳಲ್ಲಿ ಆಗಲೇ ಹಲವು ತಲೆಮಾರು ಗೂಡಿನಲ್ಲಿ ಬೆಳೆದಿದ್ದವು ಎಂಬ ಆಕ್ಷೇಪವೂ ಇದೆ, ಅದು ಹಗುರವಾದ ಆಕ್ಷೇಪವಲ್ಲ.)

ಆನೆಯ ವಿಷಯದಲ್ಲಿ ಈ ಆಯ್ಕೆ ನಡೆಯಲೇ ಇಲ್ಲ. ನಿಮಗೆ ಹತ್ತಿರದ ಕಾಕನಕೋಟೆಯನ್ನೇ ನೋಡಿ. ಅಲ್ಲಿ ಕೊನೆಯ ಖೆಡ್ಡಾ (ಕಾಡಾನೆಗಳ ಹಿಂಡನ್ನು ಆವರಣದೊಳಕ್ಕೆ ಅಟ್ಟಿ ಹಿಡಿಯುವ ಕಾರ್ಯಾಚರಣೆ) ನಡೆದದ್ದು 1971ರಲ್ಲಿ. ಆನೆ ಬೇಕಾದಾಗ ಕಾಡಿನಿಂದ ಹಿಡಿದು ತರುತ್ತಿದ್ದರೇ ಹೊರತು ಕೊಟ್ಟಿಗೆಯಲ್ಲಿ ತಳಿ ಬೆಳೆಸುತ್ತಿರಲಿಲ್ಲ. ಶಿಬಿರಗಳ ಹೆಣ್ಣಾನೆಗಳನ್ನು ರಾತ್ರಿ ಮೇಯಲು ಕಾಡಿಗೆ ಬಿಟ್ಟಾಗ ಎಷ್ಟೋ ಸಲ ಕಾಡಿನ ಸಲಗವೇ ಜೊತೆಯಾಗುತ್ತದೆ. ಮಾವುತ, ಕಾವಾಡಿಗಳು ಎಷ್ಟೇ ನುರಿತವರಾದರೂ ಅವರ ಕೆಲಸ ಆ ಒಂದು ಆನೆಯ ಆಯುಸ್ಸಿಗೆ ಮುಗಿಯಿತು. ಮುಂದಿನ ಮರಿಗೆ ಮತ್ತೆ ಮೊದಲಿನಿಂದ. ಮದ ಬಂದಾಗ, ಹತ್ತಾರು ವರ್ಷ ಪಳಗಿದ ಆನೆಯ ಬಳಿಗೂ ಮಾವುತ ಎಚ್ಚರದಿಂದಲೇ ಹೋಗುತ್ತಾನೆ.

ಈಗ ಶುರುಮಾಡಿದರೆ ಆದೀತೇ ಎಂದು ನೀವು ಕೇಳಬಹುದು. ನರಿ ವರ್ಷ ತುಂಬುವಷ್ಟರಲ್ಲಿ ಮರಿ ಹಾಕುತ್ತದೆ. ಆನೆಯ ಗರ್ಭವೇ ಸುಮಾರು 22 ತಿಂಗಳು. ತಲೆಮಾರಿಗೆ ಹದಿನೈದೇ ವರ್ಷ ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ ನಾಲ್ಕನೆಯ ತಲೆಮಾರಿಗೆ ಅರವತ್ತು ವರ್ಷ ಬೇಕು. ಅಷ್ಟೂ ಕಾಲ ಸಿಡುಕಿನ ಆನೆಗಳನ್ನೆಲ್ಲ ಮರಿ ಹಾಕದಂತೆ ಬೇರೆ ಕಟ್ಟಿ, ದಿನವೂ ಮೇವು ಒದಗಿಸಬೇಕು. ಅದರ ಖರ್ಚು ಹೊರಲು ಯಾವ ಸರಕಾರವೂ ಮುಂದೆ ಬರಲಾರದು.