ಲಿಟಲ್ ಮೋರ್ಟನ್ ಹಾಲ್ ಎಂಬ ಹಳೆಯ ಮರದ ಮನೆ ಏಕೆ ಸೊಟ್ಟಗಿದೆ?

ಇಂಗ್ಲೆಂಡಿನ ಚೆಷರ್‌ನಲ್ಲಿರುವ, ಸುತ್ತಲೂ ಕಂದಕವಿರುವ ಈ ಮನೆಯನ್ನು ಮೋರ್ಟನ್ ಎಂಬ ಜಮೀನುದಾರ ಮನೆತನದವರು 16ನೆಯ ಶತಮಾನದ ಆರಂಭದಿಂದ ಸುಮಾರು 1610ರವರೆಗೆ ಹಂತಹಂತವಾಗಿ ಕಟ್ಟಿಸಿದರು. ಇಲ್ಲಿ ಭಾರ ಹೊರುವುದು ಗೋಡೆಯಲ್ಲ, ಒಂದರ ತುದಿಯನ್ನು ಇನ್ನೊಂದರ ತೂತಿನೊಳಗೆ ಕೂರಿಸಿ ಮರದ ಗೂಟಗಳಿಂದ ಬಿಗಿದ ಓಕ್ ಕಂಬ-ತೊಲೆಗಳ ಚೌಕಟ್ಟು. ನಡುವಿನ ಖಾಲಿ ಜಾಗಗಳನ್ನು ತುಂಬಲು ನಮ್ಮ ತಡಿಕೆ ಗೋಡೆಯಂತೆ ಕಡ್ಡಿ ಹೆಣೆದು ಮಣ್ಣು ಮೆತ್ತುವುದು ಅಂದಿನ ರೂಢಿ.

ದಕ್ಷಿಣ ಭಾಗದ ಮೇಲಿನ ಅಂತಸ್ತಿನಲ್ಲಿರುವ ಉದ್ದನೆಯ ಗ್ಯಾಲರಿ, ಅಂದರೆ ನೀಳವಾದ ಕೋಣೆ, ಮೂಲ ಯೋಜನೆಯಲ್ಲಿರದೆ ಆಮೇಲೆ ಹೊಳೆದದ್ದೆಂದು ತೋರುತ್ತದೆ. ಅದರ ಮೇಲಿನ ಕಲ್ಲುಹಾಸಿನ ಛಾವಣಿಯ ಅಗಾಧ ಭಾರಕ್ಕೆ ಕೆಳಗಿನ ಚೌಕಟ್ಟು ಬಾಗಿರುವುದೇ ಸೊಟ್ಟಗಾಗಲು ಮುಖ್ಯ ಕಾರಣ. ಅಂಗಳದತ್ತ ಚಾಚಿದ ಕಿಟಕಿಗಳ ಮೇಲೆ 1559ನೆಯ ಇಸವಿಯೊಂದಿಗೆ ಯಜಮಾನನ ಹೆಸರಲ್ಲದೆ ಬಡಗಿ ರಿಚರ್ಡ್ ಡೇಲ್‌ನ ಹೆಸರೂ ಕೆತ್ತಲ್ಪಟ್ಟಿರುವುದು, ನನ್ನ ದೃಷ್ಟಿಯಲ್ಲಿ, ವಾಲಿದ ಗೋಡೆಗಳಿಗಿಂತಲೂ ಅಪರೂಪದ ಸಂಗತಿ. 1938ರಿಂದ ಮನೆ, ಹಳೆಯ ಕಟ್ಟಡಗಳನ್ನು ಸಂರಕ್ಷಿಸುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಒಡೆತನದಲ್ಲಿದೆ.